ಸಂಜೀವಪ್ಪನ ಕರೀ ಬೆಂಜ್ ಕಾರು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರಲ್ಲ, ಆ ಒಂದು ಗಾದೆಯನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡು ಮುಪ್ಪಿನ ಕಡೆಗೆ ನಡೆದವನು ಅರಿಶಿನಕುಂಟೆಯ ಡ್ರೈವರ್ ಸಂಜೀವಪ್ಪ. ಅವನ ಆನೆ ಕರೀ ಬಣ್ಣದ ಒಂದು ಹಳೇ ಬೆಂಜ್ ಕಾರು. ನೆಲಮಂಗಲದ ಹೆದ್ದಾರಿ ಪಕ್ಕ ಅವನದು ಎರಡಂಕಣದ ಮನೆ. ಮನೆಗಿಂತ ಎತ್ತರಕ್ಕೆ ಕಾರಿಗೊಂದು ತಗಡಿನ ಶೆಡ್ಡು. ಮಳೆಗಾಲದಲ್ಲಿ ಮನೆ ಸೋರುತ್ತಿತ್ತು, ಶೆಡ್ಡು ಸೋರುತ್ತಿರಲಿಲ್ಲ.

"ನಮ್ಮನೇಲಿ ಗಂಡ ಹೆಂಡ್ತಿ ಬಾಡಿಗೆಗವ್ರೆ ಕಣಮ್ಮ, ಯಜಮಾನ ಶೆಡ್ಡಲ್ಲಿ ಮಲಗವ್ನೆ" ಅಂತ ಅವನ ಹೆಂಡತಿ ಅಕ್ಕಯಮ್ಮ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಹರಕೆ ಹೊತ್ತಿದ್ದಾಯಿತು, ನಾಗರಕಲ್ಲು ಸುತ್ತಿದ್ದಾಯಿತು, ಕಡೆಗೆ ಇಬ್ಬರೂ ಆ ಮಾತೇ ಬಿಟ್ಟರು. ಕೈಲಾಗದ ಕಾಲಕ್ಕೆ ಒಂದು ತುತ್ತು ಹಾಕುವವರು ಯಾರು ಅನ್ನುವ ಯೋಚನೆ ಬಂದಾಗೆಲ್ಲ ಸಂಜೀವಪ್ಪ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದ. "ಅವ್ನೆ ನೋಡು ನಮ್ಮ ಮಗ. ನಾವು ಬಿದ್ದ ದಿನ ಅವನೇ ಎತ್ತಿ ನಿಲ್ಲಿಸ್ತಾನೆ."

ಆ ಮಗ ಅವನ ಪಾಲಿಗೆ ಬಂದದ್ದು ಹೀಗೆ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆ ನೇಯಿಸುತ್ತಿದ್ದ ಆದಿನಾರಾಯಣಪ್ಪನವರು ಅಂತ ಒಬ್ಬ ದೊಡ್ಡ ಮನುಷ್ಯರು. ಬೆಂಗಳೂರಿನ ಯಾವುದೋ ಕಾರ್ಖಾನೆಗೆ ಬಂದಿದ್ದ ಜರ್ಮನ್ ಇಂಜಿನಿಯರೊಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಈ ಕಾರನ್ನು ಅವರಿಗೆ ಮಾರಿದ್ದ. ಸಂಜೀವಪ್ಪ ಆಗ ಮೀಸೆ ಚಿಗುರುತ್ತಿದ್ದ ಹುಡುಗ, ಲಾರಿ ಕ್ಲೀನರು. "ಬೆಂಜ್ ಗಾಡಿ ಓಡಿಸ್ತೀಯೇನಲಾ?" ಅಂತ ಅವರು ಕೇಳಿದಾಗ, ಓಡಿಸ್ತೀನಿ ಸ್ವಾಮಿ ಅಂದುಬಿಟ್ಟ. ಅವನಿಗೆ ಗೊತ್ತಿದ್ದ ಬೆಂಜ್ ಅಂದರೆ ಲಾರಿ. ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರ ಹೊತ್ತ ಲಾರಿಯನ್ನು ಆ ಕಾಲದಲ್ಲಿ ಎಲ್ಲರೂ ಬೆಂಜ್ ಲಾರಿ ಅಂತಲೇ ಕರೆಯುತ್ತಿದ್ದರು. ಹಗ್ಗ, ಜಾಕು ಹೆಗಲಿಗೆ ಹಾಕಿಕೊಂಡು ಮಾರನೆಯ ದಿನ ಹೋದ. ಹಜಾರದ ಮುಂದೆ ನಿಂತಿದ್ದ ಆ ಕರೀ ಕಾರನ್ನೂ ಅದೇ ನಕ್ಷತ್ರವನ್ನೂ ನೋಡಿದವನೇ ಹಗ್ಗವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಆ ದಿನ ಹಿಡಿದ ಮಾಯೆ ಬಿಡಲಿಲ್ಲ. ಡೀಸೆಲ್ ಗಾಡಿ ಅದು. ಮುಂದುಗಡೆ ಹಲಗೆಯಲ್ಲಿ ಒಂದು ಗುಬುಟು. ಅದನ್ನು ಎಳೆದು ಹಿಡಿದರೆ ಪಕ್ಕದ ಸಣ್ಣ ಕಿಂಡಿಯಲ್ಲಿ ತಂತಿಯ ಸುರುಳಿಯೊಂದು ನಿಧಾನಕ್ಕೆ ಕೆಂಪಾಗುತ್ತಿತ್ತು. ಊದುಗೊಳವೆ ಇಲ್ಲದೆ ಒಲೆ ಹೊತ್ತಿದ ಹಾಗೆ. ಅದು ಕೆಂಡದ ಬಣ್ಣಕ್ಕೆ ಬರುವವರೆಗೆ ಕಾಯಬೇಕು. ಅವಸರ ಮಾಡಿದರೆ ಎಂಜಿನ್ನು ಏಳುವುದಿಲ್ಲ, ಕಾದರೆ ಒಂದೇ ಕೂಗಿಗೆ ಏಳುತ್ತಿತ್ತು. ಆನೆದಂತದ ಬಣ್ಣದ ದೊಡ್ಡ ಸ್ಟೇರಿಂಗು. ಬಿಸಿಲಿಗೆ ಕಾದಾಗ ಹೊಸ ಚಪ್ಪಲಿ ಅಂಗಡಿಯ ವಾಸನೆ ಬರುವ ಚರ್ಮದ ಸೀಟು. ಎಲ್ಲಕ್ಕಿಂತ ಮಿಗಿಲು ಅಂದರೆ ಬಾಗಿಲು. ಅಂಬಾಸಿಡರಿನ ಬಾಗಿಲನ್ನು ಬೀಸಿ ಹಾಕಿದರೆ ಖಾಲಿ ಡಬ್ಬಿ ಬಿದ್ದ ಹಾಗೆ ಸದ್ದು. ಇದರದ್ದನ್ನು ಎರಡು ಬೆರಳಲ್ಲಿ ತಳ್ಳಿದರೂ ದಬ್ ಅಂತ ಕೂರುತ್ತಿತ್ತು, ರಾಗಿ ತುಂಬಿದ, ನೆಲದೊಳಗಿನ ಹಗೇವಿನ ಬಾಯಿಗೆ ಚಪ್ಪಡಿ ಎಳೆದ ಹಾಗೆ. ಮನೆಗೆ ಬಂದ ನೆಂಟರಿಗೆ ಆದಿನಾರಾಯಣಪ್ಪನವರು ಕಾಫಿ ಕೊಡುವ ಮೊದಲು ಆ ಸದ್ದು ಕೇಳಿಸುತ್ತಿದ್ದರು.

"ನೋಡು ಸಂಜೀವ, ಬೇರೆ ಗಾಡಿ ಹಳೇದಾದ್ರೆ ಕಬ್ಬಿಣ. ಜರ್ಮನ್ ಗಾಡಿ ಹಳೇದಾದ್ರೆ ಬಂಗಾರ. ಆನೆ ಇದ್ದಂಗೆ. ಇದ್ರೂ ಸಾವಿರ, ಸತ್ರೂ ಸಾವಿರ" ಅನ್ನುತ್ತಿದ್ದರು.

ಅವರು ತೀರಿಕೊಂಡದ್ದು ಎಂಬತ್ತೇಳರಲ್ಲಿ. ಮಕ್ಕಳು ಮಗ್ಗಗಳನ್ನು ಹಂಚಿಕೊಂಡರು. ಮಗ್ಗದ ಆಳುಗಳಿಗೆ ಕೊಡಬೇಕಾದ್ದಕ್ಕೆ ಒಂದು ಲೆಕ್ಕ ಇತ್ತು, ಡ್ರೈವರಿಗೆ ಅಂತ ಯಾರೂ ಲೆಕ್ಕ ಬರೆದಿರಲಿಲ್ಲ. ದೊಡ್ಡ ಮಗ ಸಂಜೀವಪ್ಪನನ್ನು ಪಕ್ಕಕ್ಕೆ ಕರೆದು, "ಸಂಜೀವಣ್ಣ, ಅಪ್ಪಾಜಿ ಗಾಡಿ ನಿನ್ನ ಕೈಯಲ್ಲೇ ಇರ್ಲಿ. ನಮ್ಗೆ ಮಾರುತಿ ಸಾಕು. ಇಷ್ಟು ವರ್ಷ ದುಡಿದಿದ್ದಕ್ಕೆ ಇದೇ ಅನ್ಕೊ" ಅಂದ. ಸಂಜೀವಪ್ಪ ಅಲ್ಲೇ ಕಣ್ಣೀರು ಹಾಕಿದ. ಸಂತೋಷಕ್ಕೆ. ಆರ್.ಟಿ.ಓ. ಆಫೀಸಿನಲ್ಲಿ ಇನ್ಸ್‌ಪೆಕ್ಟರು ಬಾನೆಟ್ ಎತ್ತಿ, ಕಬ್ಬಿಣದ ಮೇಲೆ ಕೊರೆದಿದ್ದ ನಂಬರಿಗೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡ. ಗಾಡಿ ಸಂಜೀವಪ್ಪನ ಹೆಸರಿಗೆ ಬಂತು.

ಕಾರು ಮನೆ ಮುಂದೆ ನಿಂತಾಗ ಅಕ್ಕಯಮ್ಮ ಆರತಿ ಎತ್ತಿದಳು. ಎತ್ತಿ, ತಟ್ಟೆ ಕೆಳಗಿಟ್ಟು, "ಎಲ್ಲಾ ಸರಿ. ಇದ್ನ ಬೇಯಿಸ್ಕೊಂಡು ತಿನ್ನಕ್ಕಾಗ್ತದಾ?" ಅಂದಳು.

"ಒಂದಿನ ಇದ್ರಿಂದ್ಲೇ ಉಣ್ತೀಯ, ಸುಮ್ನಿರು."

ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ ಮುನಿಶಾಮಪ್ಪ ಅವನ ಬಾಲ್ಯದ ಗೆಳೆಯ. ಟೀ ಅಂಗಡಿಯ ಮುಂದೆ ಕೂತು ಅವನೂ ಕಾಲೆಳೆಯುತ್ತಿದ್ದ. "ಲೇ ಸಂಜೀವ, ನಿನ್ನ ಗಾಡೀಗೆ ಒಂದು ಬೋಲ್ಟು ಬೇಕು ಅಂದ್ರೆ ಹಡಗು ಹತ್ಬೇಕು ಕಣ್ಲಾ. ಮಾರಾಕಿ ಒಂದು ಮೆಟಡಾರ್ ತಗೊ. ಟೊಮೇಟೊ ಹೊಡ್ಕೊಂಡು ಬದುಕ್ತೀಯ."

"ಟೊಮೇಟೊ ಕೊಳೀತದೆ. ಇದು ಕೊಳೀತದಾ?"

"ನೀನು ಕೊಳೀತೀಯ ಅಷ್ಟೇ."

ಆದರೂ ಮೊದಲ ವರ್ಷಗಳು ಚೆನ್ನಾಗಿಯೇ ಇದ್ದವು. ಮದುವೆ ಕಾಲದಲ್ಲಿ ಆ ಕಾರಿಗೆ ಬಿಡುವಿರಲಿಲ್ಲ. ನೆಲಮಂಗಲ, ದೊಡ್ಡಬಳ್ಳಾಪುರದ ಸುತ್ತ ಯಾವ ಗೌಡರ ಮನೆಯ ಮದುವೆಯಾದರೂ ಗಂಡು ಸಂಜೀವಪ್ಪನ ಬೆಂಜಿನಲ್ಲಿ ಬರಬೇಕು. ಸೇವಂತಿಗೆ ಹಾರ ಹೊದೆಸಿಕೊಂಡು ಅದು ಮೆಲ್ಲಗೆ ಊರೊಳಗೆ ಬರುತ್ತಿದ್ದರೆ ವಾಲಗದವರೂ ತಿರುಗಿ ನೋಡುತ್ತಿದ್ದರು. ಉಳಿದ ದಿನಗಳಲ್ಲಿ ಅವನು ಯಾರದೋ ಲಾರಿಗೆ ಬದಲಿ ಡ್ರೈವರಾಗಿ ಹೋಗುತ್ತಿದ್ದ.

ಎಂಬತ್ತೊಂಬತ್ತರಲ್ಲಿ ರಾಜಘಟ್ಟದ ಒಂದು ಮದುವೆ. ಗಂಡನ್ನು ಇಳಿಸಿ ಸಂಜೀವಪ್ಪ ಹೊಂಗೆಮರದ ನೆರಳಿಗೆ ಗಾಡಿ ಹಾಕಿದ್ದ. ಬಿಳಿ ಷರಟಿನ ಒಬ್ಬರು ಊಟಕ್ಕೆ ಎದ್ದವರು ಎಲೆಯ ಕಡೆಗೆ ಹೋಗದೆ ಕಾರಿನ ಕಡೆಗೆ ಬಂದರು. ಹೆಸರು ಉಮಾಶಂಕರ್, ಬೆಂಗಳೂರಿನ ಬಸವನಗುಡಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸು. ಅವರಿಗೆ ಹಳೇ ಜರ್ಮನ್ ಕಾರುಗಳ ಹುಚ್ಚು. ಇಂಥದೇ ಎರಡು ಗಾಡಿ ಮನೆಯಲ್ಲಿದ್ದವಂತೆ. ಒಂದು ಸುತ್ತು ಹೊಡೆದು ಬಂದು, ಮೊದಲು ಬಾಗಿಲು ತೆಗೆದು ಹಾಕಿದರು. ದಬ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಬಾನೆಟ್ ಸ್ವಲ್ಪ ಎತ್ತೀರಾ?"

ಎಂಜಿನ್ನಿನ ಹಿಂದಿನ ಗೋಡೆಯಲ್ಲಿ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ತಗಡು ಇತ್ತು, ಅದರ ಮೇಲೆ ಸಣ್ಣ ಅಕ್ಷರ. ಅದರ ಕೆಳಗೆ, ಬಲಗಡೆಯ ಕಬ್ಬಿಣದ ತೊಲೆಯ ಮೇಲೆ, ಗ್ರೀಸಿನ ಕೊಳೆಯೊಳಗೆ ಅದೇ ನಂಬರು ಕೊರೆದಿತ್ತು. ಉಮಾಶಂಕರ್ ಬಿಳೀ ಕರ್ಚೀಫು ತೆಗೆದು ಕೊಳೆ ಒರೆಸಿ, ಮಂತ್ರ ಓದುವವರ ಹಾಗೆ ಒಂದೊಂದೇ ಅಂಕೆ ಓದಿದರು.

"ಸಂಜೀವಪ್ಪನವರೇ, ಗಾಡಿಯ ಬೆಲೆಯೆಲ್ಲ ಇಲ್ಲಿದೆ. ಈ ನಂಬರ್ ಬರೆದು ಜರ್ಮನಿಗೆ ಕಾಗದ ಹಾಕಿದ್ರೆ ಇದರ ಜಾತಕವೇ ಬರುತ್ತೆ. ಯಾವಾಗ ಹುಟ್ಟಿತು, ಯಾವ ಬಣ್ಣ, ಯಾವ ಎಂಜಿನ್ನು. ಎಲ್ಲ ತಾಳೆ ಆದ್ರೆ ಅದಕ್ಕೆ ಬೆಲೆ. ಈಗಲೇ ಕೊಡೋದಾದ್ರೆ ಒಂದು ಹೊಸ ಅಂಬಾಸಿಡರಿನ ದುಡ್ಡು ಕೊಡ್ತೀನಿ."

ಸಂಜೀವಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಳೇ ಗಾಡಿಗೆ ಹೊಸ ಗಾಡಿಯ ಬೆಲೆ! ಆದರೆ ಬಾಯಿಗೆ ಬಂದದ್ದು ಬೇರೆ. "ಕಣ್ಣು ಕೈ ನೆಟ್ಟಗಿರೋವರ್ಗೂ ನಾನೇ ಇಟ್ಕೊಂತೀನಿ ಸ್ವಾಮಿ. ಮಗ ಇದ್ದಂಗೆ."

"ಒಳ್ಳೇದೇ. ಕೊಡೋ ದಿನ ಬಂದ್ರೆ ಮೊದಲು ನನಗೆ ಹೇಳಿ. ಬೆಲೆ ಏರುತ್ತೆ, ಇಳಿಯಲ್ಲ. ಹೇಗಿದ್ಯೋ ಹಾಗೇ ಇಟ್ಟಿರಿ, ಅಷ್ಟು ಸಾಕು."

ಆ ಕೊನೆಯ ಮಾತು ಒಂದಿತ್ತಲ್ಲ, ಅದು ಸಂಜೀವಪ್ಪನ ಜತೆ ಅರಿಶಿನಕುಂಟೆಗೆ ಬರಲಿಲ್ಲ. ರಾಜಘಟ್ಟದ ಹೊಂಗೆಮರದ ಕೆಳಗೇ ಉಳಿದುಬಿಟ್ಟಿತು. ಮನೆಗೆ ಬಂದವನು ಹೆಂಡತಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ, ಬಾನೆಟ್ ಎತ್ತಿ, ತಗಡನ್ನೂ ತೊಲೆಯ ಮೇಲಿನ ನಂಬರನ್ನೂ ತೋರಿಸಿದ.

"ಲೇ ಇವಳೇ, ಈ ಗಾಡಿ ಪ್ರಾಣ ಎಲ್ಲದೆ ಗೊತ್ತಾ? ಇಲ್ಲಿ. ಬೆಂಗಳೂರಿನ ಸಾಹೇಬ್ರು ಹೇಳಿದ್ರು. ಇದ್ನ ದೇವ್ರ ಥರ ನೋಡ್ಕೋಬೇಕು."

ದೇವರನ್ನು ನೋಡಿಕೊಳ್ಳುವುದು ಅಂದರೆ ಅಕ್ಕಯಮ್ಮನಿಗೆ ಗೊತ್ತಿದ್ದದ್ದು ಒಂದೇ ಬಗೆ. ಅವಳ ಅವ್ವ ಮಾಡುತ್ತಿದ್ದದ್ದು, ಅತ್ತೆ ಮಾಡುತ್ತಿದ್ದದ್ದು. ಹುಣಸೆಹಣ್ಣು ನೆನೆಸಬೇಕು, ಚಿಟಿಕೆ ಉಪ್ಪು ಬೆರೆಸಬೇಕು, ಒಲೆಯ ಬೂದಿಯೋ ಇಟ್ಟಿಗೆಪುಡಿಯೋ ಹಾಕಿ ತೆಂಗಿನ ನಾರಿನಲ್ಲಿ ಕೈ ನೋಯುವ ತನಕ ತಿಕ್ಕಬೇಕು. ಆಮೇಲೆ ಅರಿಶಿನ, ಕುಂಕುಮ, ಹೂವು. ಅದುವರೆಗೆ ವರ್ಷಕ್ಕೊಮ್ಮೆ ಆಯುಧಪೂಜೆಗೆ ಬಂಪರನ್ನೂ ಮೂತಿಯ ನಕ್ಷತ್ರವನ್ನೂ ಹೀಗೆ ಬೆಳಗುತ್ತಿದ್ದವಳು ಈಗ ಅಮಾವಾಸ್ಯೆ ಅಮಾವಾಸ್ಯೆಗೂ ಬಾನೆಟ್ ಎತ್ತಿಸಿದಳು. ತಲೆಗೆ ಸೆರಗು ಬಿಗಿದು, ಒಂದು ಕಾಲನ್ನು ಬಂಪರಿನ ಮೇಲಿಟ್ಟು, ಬಗ್ಗಿ ತಿಕ್ಕುತ್ತಿದ್ದಳು. ಸಂಜೀವಪ್ಪ ಚೊಂಬು ಹಿಡಿದು ನೀರು ಹುಯ್ಯುತ್ತಿದ್ದ. ಕೂಸಿಗೆ ನೀರು ಹಾಕುವ ಅವ್ವ ಅಪ್ಪನ ಹಾಗೆ ಇಬ್ಬರೂ ಆ ಹೊತ್ತು ಮಾತಾಡುತ್ತಿದ್ದದ್ದೂ ಉಂಟು, ಜಗಳವಾಡುತ್ತಿದ್ದದ್ದೂ ಉಂಟು.

"ಇಲ್ಲಿ ಹುಯ್ರಿ. ಅಲ್ಲಲ್ಲ, ಮೂಲೇಗೆ. ಕಿವಿ ಹಿಂದೆ ತೊಳೀದಿದ್ರೆ ಕೊಳೆ ಕೂತ್ಕೊಂತದೆ."

"ಕಾರಿಗೆ ಎಲ್ಲೇ ಕಿವಿ?"

"ನಿಮಗಿರೋದಕ್ಕಿಂತ ಚೆನ್ನಾಗವೆ. ಕರೆದ್ರೆ ಕೇಳ್ತವೆ."

ಕಡೆಗೆ ತೊಲೆಯ ನಂಬರಿನ ಮೇಲೆ ಒದ್ದೆ ಕುಂಕುಮ ಮೆತ್ತಿ ಕೈಮುಗಿಯುತ್ತಿದ್ದಳು. ಒಮ್ಮೆ ಮುನಿಶಾಮಪ್ಪ ಅದನ್ನು ನೋಡಿ, "ಹೆಂಗಸರ ಕೈಗೆ ಬಾನೆಟ್ ಕೊಟ್ಟವನು ಈ ಹೆದ್ದಾರೀಲಿ ನೀನೊಬ್ನೇ ಕಣ್ಲಾ. ಕಬ್ಬಿಣಕ್ಕೆ ಹುಳಿ ಬಿಟ್ರೆ ತುಕ್ಕು ಹಿಡೀತದೆ" ಅಂದ. ಸಂಜೀವಪ್ಪನಿಗೆ ರೇಗಿತು. "ನಿನ್ನ ಗ್ಯಾರೇಜಿಗೆ ಒಂದು ಊದುಬತ್ತಿ ಹಚ್ಚೋ ಗತಿ ಇಲ್ಲ, ಮುಚ್ಕೊಂಡಿರು" ಅಂದುಬಿಟ್ಟ. ಮುನಿಶಾಮಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ವರ್ಷಗಳು ಹೋದವು. ಹೆದ್ದಾರಿಯಲ್ಲಿ ಬಗೆಬಗೆಯ ಹೊಸ ಕಾರುಗಳು ಓಡಾಡತೊಡಗಿದವು. ಮದುವೆಗಂಡುಗಳು ಎಸ್ಟೀಮ್ ಕೇಳತೊಡಗಿದರು. "ಹಳೇ ಕಾಲದ ಗಾಡಿ, ತಾತನ ಥರ ಕಾಣ್ತದೆ" ಅಂದ ಒಬ್ಬ ಹುಡುಗ. ಬಾಡಿಗೆ ಕಮ್ಮಿಯಾಯಿತು. ಆದರೆ ಹಳೇ ಗಾಡಿಗಳ ದಳ್ಳಾಳಿ ಗೋವಿಂದರಾಜು ಟೀ ಅಂಗಡಿಗೆ ಬಂದಾಗೆಲ್ಲ ಬೇರೆಯದೇ ಸುದ್ದಿ ತರುತ್ತಿದ್ದ. ಬೆಂಗಳೂರಿನಲ್ಲಿ ಹಳೇ ಕಾರುಗಳ ಮೆರವಣಿಗೆ ಆಗುತ್ತದೆ, ಬೊಂಬಾಯಿಯವರು ಬಂದು ಮೇಲೆ ಬಿದ್ದು ಕೊಳ್ಳುತ್ತಾರೆ, ಇಂಥದೇ ಬೆಂಜು ಒಂದು ಎರಡು ಸೈಟಿನ ಬೆಲೆಗೆ ಹೋಯಿತು.

"ಗುರು, ನೀನು ಶೆಡ್ಡಲ್ಲಿ ಕಾರಿಟ್ಟಿಲ್ಲ. ಬಂಗಾರದ ಗಟ್ಟಿ ಇಟ್ಟಿದ್ದೀಯ."

ಒಬ್ಬ ಮದರಾಸಿನವನನ್ನೂ ಅವನು ಕರೆತಂದಿದ್ದ. ಸಂಜೀವಪ್ಪ ಅವನಿಗೂ ಇಲ್ಲ ಅಂದ. ಅಕ್ಕಯಮ್ಮ ಅವತ್ತು ಅನ್ನ ಬಡಿಸುತ್ತ, "ಎರಡು ಸಲ ಲಕ್ಷ್ಮಿ ಬಾಗ್ಲಿಗೆ ಬಂದ್ಲು. ಮೂರನೇ ಸಲ ಬರೋಕೆ ಅವಳೇನು ನಿಮ್ಮ ಅಕ್ಕನ ಮಗಳಾ?" ಅಂದಳು. ಅವನು ನಕ್ಕ. ಏರುವ ಬೆಲೆಯನ್ನು ಅರ್ಧದಲ್ಲಿ ಕಡಿಯುವುದು ಕಾಳು ಕಟ್ಟುವ ಮೊದಲೇ, ಹೊಡೆಯಲ್ಲೇ ರಾಗಿಯನ್ನು ಕೊಯ್ದ ಹಾಗೆ ಅಂತ ಅವನ ಎಣಿಕೆ. ಎಣಿಕೆ ಅನ್ನುವುದಕ್ಕಿಂತ, ಕೊಟ್ಟರೆ ಬೆಳಗ್ಗೆ ಎದ್ದು ನೋಡುವುದಕ್ಕೆ ಶೆಡ್ಡಿನಲ್ಲಿ ಏನಿರುತ್ತದೆ ಅನ್ನುವ ದಿಗಿಲು.

ಆಮೇಲೆ ಕಣ್ಣು ಹೋಗತೊಡಗಿತು. ಮೊದಲು ಅವನಿಗೇ ತಿಳಿಯಲಿಲ್ಲ. ಎದುರಿಗಿರುವುದು ಕಾಣುತ್ತಿತ್ತು, ಪಕ್ಕದಲ್ಲಿರುವುದು ಕಾಣುತ್ತಿರಲಿಲ್ಲ. ಹಟ್ಟಿ ಬಾಗಿಲನ್ನು ಎರಡು ಕಡೆಯಿಂದ ಯಾರೋ ಮೆಲ್ಲಗೆ ಮುಚ್ಚಿಕೊಂಡು ಬಂದ ಹಾಗೆ. ಒಂದು ದಿನ ಲಾರಿಯನ್ನು ಮೈಲಿಗಲ್ಲಿಗೆ ಸವರಿದ. ಇನ್ನೊಂದು ದಿನ ಸೈಕಲ್ಲಿನವನೊಬ್ಬ ಕೂದಲೆಳೆಯಲ್ಲಿ ಉಳಿದ. ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು, ಕಣ್ಣೊಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಹೋದ ನೋಟ ಬರುವುದಿಲ್ಲ, ಇರುವುದನ್ನು ಹನಿ ಹಾಕಿಕೊಂಡು ಉಳಿಸಿಕೊಳ್ಳಿ ಅಂದರು. ಸಂಜೀವಪ್ಪ ಲಾರಿಯ ಕೀಲಿಯನ್ನು ಯಜಮಾನನ ಮೇಜಿನ ಮೇಲಿಟ್ಟು ಬಂದ. ಅಕ್ಕಯಮ್ಮ ಊದುಬತ್ತಿ ಹೊಸೆಯಲು ಕೂತಳು. ಕರೀ ಹಿಟ್ಟು ಅವಳ ಅಂಗೈ ಗೆರೆಗಳಲ್ಲಿ ಕೂತು, ಎಷ್ಟು ತೊಳೆದರೂ ಹೋಗದಾಯಿತು.

ಆಗ ಅವನು ಶೆಡ್ಡಿಗೆ ಹೋಗಿ, ಸ್ಟೇರಿಂಗು ಹಿಡಿದು, ಬಹಳ ಹೊತ್ತು ಕೂತಿದ್ದು ಬಂದು, "ಗೋವಿಂದರಾಜೂಗೆ ಹೇಳಿಕಳಿಸು. ಆ ಬಸವನಗುಡಿ ಸಾಹೇಬ್ರನ್ನ ಕರ್ಕೊಂಡು ಬರ್ಲಿ" ಅಂದ.

ತೊಂಬತ್ತಾರರ ಭಾದ್ರಪದ ಅದು. ಉಮಾಶಂಕರ್ ಬಂದರು. ಕೂದಲು ನೆರೆತಿತ್ತು, ಹುಚ್ಚು ಹಾಗೇ ಇತ್ತು. ಶೆಡ್ಡಿನ ಬಾಗಿಲು ತೆರೆದಾಗ ಹಳೇ ನೆಂಟನನ್ನು ಕಂಡವರ ಹಾಗೆ ನಿಂತರು. ಬಂಪರು ಕನ್ನಡಿಯಾಗಿತ್ತು. ಸೀಟು ಹರಿದಿರಲಿಲ್ಲ. ಗುಬುಟು ಎಳೆದರೆ ಸುರುಳಿ ಕೆಂಪಾಯಿತು, ಎಂಜಿನ್ನು ಎದ್ದಿತು. ಬಾಗಿಲು ದಬ್ ಅಂದಿತು.

"ಸಂಜೀವಪ್ಪನವರೇ, ನಿಮಗೆ ಕೈಮುಗೀಬೇಕು. ಇಂಥ ಗಾಡಿ ಇಡೀ ರಾಜ್ಯದಲ್ಲಿ ಎಷ್ಟಿವೆಯೋ! ನೀವು ಕೇಳಿದಷ್ಟಕ್ಕೆ ನಾನು ತಕರಾರು ಮಾಡಲ್ಲ."

ಗೋವಿಂದರಾಜು ಸಂಜೀವಪ್ಪನ ಪಕ್ಕೆಗೆ ತಿವಿದ. ಸಂಜೀವಪ್ಪನಿಗೆ ಆ ಹೊತ್ತು ಅನ್ನದ ಚಿಂತೆ, ಹನಿಯ ಔಷಧದ ಚಿಂತೆ, ಹೆಂಡತಿಯ ಕರೀ ಅಂಗೈ, ಎಲ್ಲ ಒಟ್ಟಿಗೆ ಹೆಗಲಿಂದ ಇಳಿದ ಹಾಗಾಯಿತು. ಒಳಗೆ ಅಕ್ಕಯಮ್ಮ ಕಾಫಿಗೆ ಇಟ್ಟಿದ್ದಳು.

"ಬಾನೆಟ್ ಎತ್ತಿ" ಅಂದರು ಉಮಾಶಂಕರ್.

ಎತ್ತಿದ. ಅವರು ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಟಾರ್ಚ್ ಬಿಟ್ಟರು. ತಗಡು ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಅವರ ಮುಖ ಕಾಣುತ್ತಿತ್ತು, ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಕೆಳಗಿನ ತೊಲೆಯ ಮೇಲೆ ಅಂಟಿದ್ದ ಕುಂಕುಮವನ್ನು ಉಗುರಲ್ಲಿ ಕೆರೆದರು. ಕುಂಕುಮದ ಜತೆ ಕಬ್ಬಿಣವೂ ಚಕ್ಕೆಚಕ್ಕೆಯಾಗಿ ಬಂತು. ಜೇಬಿನಿಂದ ತೆಳು ಕಾಗದ ತೆಗೆದು ಒತ್ತಿ, ಮೇಲೆ ಪೆನ್ಸಿಲ್ ಉಜ್ಜಿದರು. ಆವತ್ತು ಆರ್.ಟಿ.ಓ. ಇನ್ಸ್‌ಪೆಕ್ಟರು ಉಜ್ಜಿದಾಗ ಅಂಕೆಗಳು ಒಂದೊಂದಾಗಿ ಬಿಳಿಯಾಗಿ ಎದ್ದುಬಂದಿದ್ದವು. ಈಗ ಕಾಗದದ ಮೇಲೆ ಬಂದದ್ದು ಸಿಡುಬು ಬಂದ ಮುಖದ ಹಾಗೆ ಬರೀ ಕುಳಿ. ಇನ್ನೊಂದು ಕಾಗದ ಒತ್ತಿದರು. ಅದೂ ಹಾಗೇ.

"ಇಲ್ಲಿ ನಂಬರ್ ಇತ್ತಲ್ಲ. ನಾನೇ ಓದಿದ್ದೆನಲ್ಲ!"

"ಆರ್.ಸಿ. ಬುಕ್ಕಲ್ಲಿ ಇದೆ ಸಾರ್" ಅಂದ ಗೋವಿಂದರಾಜು.

"ಬುಕ್ಕಲ್ಲಿದ್ರೆ ಆಯ್ತೇನ್ರೀ? ಜಾತಕ ಇದೆ, ಅದು ಇದೇ ಕೂಸಿನದು ಅಂತ ಹೇಳೋದು ಯಾವುದರಿಂದ? ಇನ್ಸ್‌ಪೆಕ್ಟರು ಇದನ್ನ ನನ್ನ ಹೆಸರಿಗೆ ಮಾಡಲ್ಲ. ಎಲ್ಲೋ ಕದ್ದ ಗಾಡೀದು ನಂಬರ್ ಕೆರೆದು ತಂದಿದ್ದೀರಿ ಅಂತಾರೆ. ಎಂಜಿನ್ನಿನ ನಂಬರ್ ಒಂದಿದ್ದು ಏನು ಮಾಡ್ಲಿ? ಯಾರೂ ತಗೊಳಲ್ಲ. ನಾನೂ..." ಅವರು ಮತ್ತೆ ಟಾರ್ಚ್ ಬಿಟ್ಟರು. "ಯಾರ್ರೀ ಇದನ್ನ ಹೀಗೆ ಉಜ್ಜಿದ್ದು?"

ಅಷ್ಟು ಹೊತ್ತಿಗೆ ಅಕ್ಕಯಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಶೆಡ್ಡಿನೊಳಗೆ ಕಾಲಿಟ್ಟಿದ್ದಳು. ಕೊನೆಯ ಮಾತಷ್ಟೇ ಅವಳ ಕಿವಿಗೆ ಬಿದ್ದದ್ದು. ಮುಖ ಅರಳಿತು.

"ನಾನೇ ಸ್ವಾಮಿ. ಆವತ್ತು ನೀವು ಹೇಳಿದ್ರಂತಲ್ಲ, ಅದೇ ಗಾಡಿ ಪ್ರಾಣ ಅಂತ. ಅವತ್ತಿಂದ ಒಂದು ಅಮಾಸೆ ಬಿಟ್ಟಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಎದ್ದು ಬಂದು ಹುಣಸೆಹಣ್ಣು ಹಾಕಿ ತಿಕ್ಕಿವ್ನಿ. ನೋಡಿ, ನಮ್ಮನೆ ದೇವ್ರ ತಂಬಿಗೇನೂ ಹಿಂಗೆ ಹೊಳೆಯಲ್ಲ."

ಗೋವಿಂದರಾಜು ಬಾಯಿ ತೆರೆದ. ಸಂಜೀವಪ್ಪ ತಡವರಿಸಿ ಅವನ ಮಣಿಕಟ್ಟು ಹಿಡಿದು, ಮೂಳೆ ನೋಯುವ ಹಾಗೆ ಅದುಮಿದ. ಉಮಾಶಂಕರ್ ಆ ಹೆಂಗಸಿನ ಕಡೆ ನೋಡಿದರು, ಅವಳ ಕರೀ ಅಂಗೈ ನೋಡಿದರು, ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

"ತುಂಬ ಚೆನ್ನಾಗಿ ಇಟ್ಟಿದ್ದೀರಿ ತಾಯಿ" ಅಂದರು. ಕಾಫಿ ಕುಡಿದರು. ಹೊರಟರು.

ಅವರ ಕಾರು ಹೆದ್ದಾರಿಗೆ ತಿರುಗಿದ ಮೇಲೆ ಅಕ್ಕಯಮ್ಮ ಕೇಳಿದಳು, "ಯಾವಾಗ ಬಂದು ತಗೊಂಡು ಹೋಗ್ತಾರಂತೆ?"

ಸಂಜೀವಪ್ಪ ಜಗುಲಿಯ ಮೇಲೆ ಕೂತಿದ್ದ.  ನಿಜ ಹೇಳಿದರೆ ಅವಳು ಆ ಕೈಗಳನ್ನು ಏನು ಮಾಡಿಕೊಳ್ಳುತ್ತಾಳೆ? ನೀರು ಹಾಕುವಾಗ ಕೂಸನ್ನು ತಾನೇ ಮುಳುಗಿಸಿಕೊಂಡವಳ ಹಾಗೆ ಇನ್ನುಳಿದ ದಿನವೆಲ್ಲ ಆ ಕೈಗಳನ್ನು ನೋಡಿಕೊಂಡು ಕೂರುತ್ತಾಳೆ. ಅಲ್ಲದೆ ತೋರಿಸಿಕೊಟ್ಟವನು ಯಾರು? ನೀರು ಹುಯ್ದವನು ಯಾರು?

"ನಾನೇ ಬೇಡ ಅಂದೆ."

"ಏನಂದ್ರಿ?"

"ಬೆಲೆ ಕಮ್ಮಿ ಹೇಳಿದ್ರು. ಅದಕ್ಕೇ ಕೊಡಲ್ಲ ಅಂದೆ."

ಅವಳು ನಂಬಿದಳು. ಹಿಂದೆ ಎರಡು ಸಲ ಹೀಗೆ ಮಾಡಿದವನಲ್ಲವೇ, ನಂಬುವುದು ಕಷ್ಟವಾಗಲಿಲ್ಲ. ಖಾಲಿ ಲೋಟಗಳ ತಟ್ಟೆ ಹಿಡಿದುಕೊಂಡೇ ನಿಂತಳು. ಆಮೇಲೆ ಬಂದ ಮಾತುಗಳನ್ನು ಮದುವೆಯಾದಾಗಿನಿಂದ ಅವನು ಕೇಳಿರಲಿಲ್ಲ.

"ಕಣ್ಣು ಹೋದ್ರೂ ದುರಾಸೆ ಹೋಗ್ಲಿಲ್ಲವಲ್ರೀ ನಿಮ್ಗೆ! ನಾನು ಬತ್ತಿ ಹೊಸೆದು ಹೊಸೆದು ಸಾಯ್ತೀ‌ನಿ, ಅದೇ ಬತ್ತಿ ನನ್ನ ಹೆಣದ ಮುಂದೆ ಹಚ್ಚಿ ನಿಮ್ಮ ಬೆಂಜಲ್ಲೇ ತಗೊಂಡು ಹೋಗಿ."

"ಹೂಂ" ಅಂದ ಸಂಜೀವಪ್ಪ. 

ಅಲ್ಲಿಂದ ಆ ಮನೆಯಲ್ಲಿ ಮಾತು ನಿಂತಿತು. ಗೋವಿಂದರಾಜು ಒಂದೆರಡು ಸಲ ಬಂದ. ನಂಬರಿಲ್ಲದ ಬೆಂಜು ಅನ್ನುವ ಸುದ್ದಿ ಅವನಿಗಿಂತ ಮುಂಚೆ ಬೆಂಗಳೂರು ಮುಟ್ಟಿತ್ತು. "ದೀಪ, ಸ್ಟೇರಿಂಗು, ನಕ್ಷತ್ರ ಬಿಚ್ಚಿ ಕೊಡ್ತೀಯಾ? ಒಂದಿಷ್ಟು ಬರ್ತದೆ" ಅಂದ. ಸಂಜೀವಪ್ಪ, "ಕೈಕಾಲು ಕತ್ತರಿಸಿ ಮಾರಕ್ಕೆ ಅದೇನು ಕುರೀನಾ?" ಅಂತ ಅವನನ್ನು ಅಟ್ಟಿದ. ಅಟ್ಟಿದ ಮೇಲೆ ರೇಷನ್ನಿಗೆ ಚೀಲ ಹಿಡಿದು ಹೋದ ಅಕ್ಕಯಮ್ಮ ದುಡ್ಡು ಸಾಲದೆ ಬರಿಗೈಲಿ ಬಂದಳು. ಕಣ್ಣಿನ ಹನಿ ಮುಗಿದು ಶೀಸೆ ಕಿಟಕಿಯಲ್ಲಿ ಒಣಗಿ ಕೂತಿತ್ತು. ಕಡೆಗೆ ಮುನಿಶಾಮಪ್ಪನೇ ಗುಜರಿಯವನಿಗೆ ಹೇಳಿ ಬಂದ. ತೂಕದ ಮೇಲೆ ವ್ಯಾಪಾರ. ಬಸವನಗುಡಿ ಸಾಹೇಬರು ಬೇರೆ ಗಾಡಿ ತಗೊಂಡುಬಿಟ್ಟರಂತೆ ಅಂತ ಸಂಜೀವಪ್ಪ ಹೆಂಡತಿಗೆ ಇನ್ನೊಂದು ಸುಳ್ಳು ಹೇಳಿದ. ಸಂಜೀವಪ್ಪ ಕೇಳಿದ್ದು ಒಂದೇ, "ಆಯುಧಪೂಜೆ ಕಳೀಲಿ."

ಪೂಜೆಯ ದಿನ ಬಂತು. ಹೆದ್ದಾರಿ ತುಂಬ ಬಾಳೆಕಂದು ಕಟ್ಟಿದ ಲಾರಿಗಳು, ಒಡೆದ ಬೂದುಗುಂಬಳಕಾಯಿ. ಅಕ್ಕಯಮ್ಮ ಬೆಳಗ್ಗೆಯೇ ಹೇಳಿಬಿಟ್ಟಳು, "ಈ ಸಲ ನಾನು ಅದರ ಹತ್ರಾನೂ ಬರಲ್ಲ. ನಿಮ್ಮ ಮಗನ್ನ ನೀವೇ ತೊಳ್ಕೊಳ್ಳಿ."

ಅವನು ತಾನೇ ಹುಣಸೆಹಣ್ಣು ಕಿವುಚಿಕೊಂಡು ಹೋದ. ಕೂತು ಉಜ್ಜಿದ. ಎದುರಿಗೆ ಒಂದು ಹಿಡಿಯಷ್ಟು ಬೆಳಕು ಬಿಟ್ಟರೆ ಸುತ್ತ ಏನೂ ಕಾಣುತ್ತಿರಲಿಲ್ಲ. ಅಕ್ಕಯಮ್ಮ ಬಾಗಿಲ ಬಳಿ ಬತ್ತಿ ಹೊಸೆಯುತ್ತ ನೋಡುತ್ತಿದ್ದವಳು ತಡೆಯಲಾರದೆ ಎದ್ದು ಬಂದಳು.

"ಕೊಡಿ ಇಲ್ಲಿ. ಬಂಪರ್ ಅಂದ್ಕೊಂಡು ಟೈರ್ ಬೆಳಗ್ತಾ ಕೂತವ್ರೆ."

ಕಿತ್ತುಕೊಂಡಳು. ಬಂಪರು ತಿಕ್ಕಿದಳು, ನಕ್ಷತ್ರ ತಿಕ್ಕಿದಳು. ಸೆರಗನ್ನು ತಲೆಗೆ ಬಿಗಿದು, "ಬಾನೆಟ್ ಎತ್ತಿ" ಅಂದಳು.

"ಅದು ಬೇಡ ಬಿಡು."

"ಯಾಕೆ ಬೇಡ? ಗುಜರಿಗೇ ಹೋಗ್ಲಿ, ನಮ್ಮನೆಯಿಂದ ಕೊಳಕಾಗಿ ಹೋಗ್ಬಾರ್ದು."

ಎತ್ತಿದ. ಅವಳು ಬಗ್ಗಿ, ಹಲ್ಲು ಕಚ್ಚಿ, ಆ ಬರೀ ತಗಡನ್ನು ತಿಕ್ಕತೊಡಗಿದಳು. ತಿಕ್ಕುತ್ತ ತಿಕ್ಕುತ್ತ ಅವಳ ಉಸಿರು ಏರಿ, ಎಲ್ಲೋ ಅಳುವಿನ ಹಾಗೆ ಕೇಳಿಸಿತು. ಸಂಜೀವಪ್ಪ ಚೊಂಬು ಹಿಡಿದು, ಸದ್ದು ಬಂದ ಕಡೆಗೆ ನೀರು ಹುಯ್ದ.

"ನೋಡ್ರಿ. ಮುಖ ಕಾಣ್ತದೆ."

ಅವನು ಬಗ್ಗಿ ನೋಡಿದ. ಒಂದು ಬೆಳ್ಳನೆಯ ಮಸುಕು ಬಿಟ್ಟರೆ ಏನೂ ಇರಲಿಲ್ಲ.

"ಕಾಣ್ತದೆ" ಅಂದ.

ವಿಜಯದಶಮಿ ಕಳೆದ ಮಾರನೆಯ ಬೆಳಗ್ಗೆ ಗುಜರಿಯವನು ಟ್ರ್ಯಾಕ್ಟರು ತಂದ. ಮುಂದಿನ ಆಕ್ಸಲಿಗೆ ಸರಪಳಿ ಬಿಗಿದ. ಬಾಡಿದ ಹಾರವನ್ನು ಎಳೆದು ಬಿಸಾಕಿ, ತೆರೆದಿದ್ದ ಬಾಗಿಲನ್ನು ಮೊಣಕೈಯಲ್ಲಿ ತಳ್ಳಿದ. ದಬ್ ಅಂತ ಕೂತಿತು.

"ಅಬ್ಬಾ, ಏನ್ ಸೌಂಡು ಗುರು! ಒಳ್ಳೇ ಮಂದ ತಗಡು. ತೂಕ ಬರ್ತದೆ."

ಜಗುಲಿಯ ಮೇಲಿದ್ದ ಸಂಜೀವಪ್ಪ ಮುಖವನ್ನು ಆ ಕಡೆಗೆ ತಿರುಗಿಸಿದ.

"ಇನ್ನೊಂದು ಸಲ ಹಾಕಪ್ಪ" ಅಂದ.